ನಮ್ಮ ಮನೆಯ ಮುಂದೆ ಮಾತ್ರ ಅಗಲವಾದ ಬೀದಿ

ದಾವಣಗೆರೆಯ ಹಳೇ ಪೇಟೆಯ ನಮ್ಮ ಬೀದಿಗೆ ಹೊಸದಾಗಿ ಬಂದವರು ಒಂದು ವಿಚಿತ್ರ ನೋಡುತ್ತಾರೆ. ಉದ್ದಕ್ಕೂ ಎರಡೂ ಕಡೆ ಜಗಲಿಗಳು ಒಂದಕ್ಕೊಂದು ಮೊಣಕೈ ತಾಗಿಸಿಕೊಂಡು ಕೂತಿವೆ. ನಡುವೆ ಒಂದು ಎತ್ತಿನ ಗಾಡಿ ಬಂದರೆ ಎದುರಿನ ಸೈಕಲ್ಲಿನವನು ಇಳಿದು, ಸೈಕಲ್ ಸಮೇತ ಯಾರದಾದರೂ ಬಾಗಿಲಿಗೆ ಆತುಕೊಳ್ಳಬೇಕು. ಆದರೆ ಒಂದು ಮನೆಯ ಮುಂದೆ ಮಾತ್ರ ಬೀದಿ ಇದ್ದಕ್ಕಿದ್ದಂತೆ ಅಗಲವಾಗುತ್ತದೆ. ಆ ಮನೆ ದಾಟಿದ ಕೂಡಲೆ ಮತ್ತೆ ಮೊದಲಿನ ಹಾಗೆ. ಸಾಲುಹಲ್ಲಿನಲ್ಲಿ ಒಂದು ಹಲ್ಲು ಬಿದ್ದಂತೆ ಕಾಣುವ ಆ ಜಾಗ ನಮ್ಮದು. ಊರಿನ ಸುಧಾರಣೆ ಎಲ್ಲಿಗೆ ಬಂತು ಎಂದು ಯಾರಾದರೂ ಕೇಳಿದರೆ ನಾನು ಬಾಯಿ ತೆರೆಯುವುದಿಲ್ಲ. ಕರೆದುಕೊಂಡು ಬಂದು ನಮ್ಮ ಬಾಗಿಲಲ್ಲಿ ನಿಲ್ಲಿಸುತ್ತೇನೆ.

ಇದೆಲ್ಲ ಆಗಿ ಕೆಲವು ವರ್ಷಗಳಾದವು. ನಾನು ಆಗಲೂ ಈಗಲೂ ಹರಿಹರದ ಒಂದು ಕಾರ್ಖಾನೆಯ ಉಗ್ರಾಣದಲ್ಲಿ ಗುಮಾಸ್ತ. ಬೆಳಿಗ್ಗೆ ರೈಲಿನಲ್ಲಿ ಹೋಗುವುದು, ಸಂಜೆ ರೈಲಿನಲ್ಲಿ ಬರುವುದು. ಹೋಗುವಾಗ ಒಂದು ಕೈಯಲ್ಲಿ ಬುತ್ತಿ, ಇನ್ನೊಂದು ಕೈಯಲ್ಲಿ ಖಾಲಿ ತಗಡಿನ ಡಬ್ಬಿ. ಬರುವಾಗ ಬುತ್ತಿ ಖಾಲಿ, ಡಬ್ಬಿ ತುಂಬಿರುತ್ತದೆ. ಅವ್ವನಿಗೆ ಕುಡಿಯಲು ಹೊಳೆ ನೀರೇ ಆಗಬೇಕು. ನಮ್ಮ ಹಿತ್ತಲ ಬಾವಿಯ ನೀರು ಸವುಳು, ಅದರಲ್ಲಿ ಬೇಳೆ ಬೇಯುವುದಿಲ್ಲ. ಬೀದಿಯ ತುದಿಯಲ್ಲಿ ಒಂದು ನಲ್ಲಿ ಇದೆ, ನೀರು ಬಿಡುವುದಕ್ಕಿಂತ ಕೆಮ್ಮುವುದೇ ಹೆಚ್ಚು. ಹಾಗಾಗಿ ಕಾರ್ಖಾನೆ ಬಿಟ್ಟ ಮೇಲೆ ನಾನು ತುಂಗಭದ್ರೆಯ ದಡಕ್ಕೆ ಇಳಿದು, ಪಂಚೆ ಎತ್ತಿ ಕಟ್ಟಿ, ಡಬ್ಬಿ ತುಂಬಿಸಿಕೊಂಡು ಸ್ಟೇಷನ್ನಿಗೆ ಓಡುತ್ತಿದ್ದೆ. ರೈಲಿನಲ್ಲಿ ದಿನಾ ಜೊತೆಗೆ ಬರುವವರು ನನಗೆ ಜಾಗ ಬಿಡುತ್ತಾ, ‘ಸರೀರಪ್ಪ, ಪೈಪ್‌ಲೈನು ಬಂತು’ ಎನ್ನುತ್ತಿದ್ದರು. ಹೊಳೆಯ ನೀರು ಪೈಪಿನಲ್ಲಿ ಮನೆಮನೆಗೆ ಬರುತ್ತದೆಂದು ಊರಲ್ಲಿ ಮಾತು ಎದ್ದು ಬಹಳ ದಿನವಾಗಿತ್ತು. ಅಲ್ಲಿಯವರೆಗೆ ಆ ಕೆಲಸ ನನ್ನದು.

ಚಿಂತೆ ಮಾಡುವುದು ನನ್ನ ಹುಟ್ಟುಗುಣ. ಬರುವಾಗ ರೈಲಿನ ಕಿಟಕಿಯಲ್ಲಿ, ಊರಿಗೆ ಸ್ವಲ್ಪ ಮೊದಲು, ಬಾತಿ ಗುಡ್ಡ ಕಂಡ ಕೂಡಲೆ ಅದು ಶುರುವಾಗುತ್ತದೆ. ಮನೆಯಲ್ಲಿ ಏನಾಗಿದೆಯೋ, ಬಾವಿಗೆ ಯಾರು ಬಿದ್ದರೋ, ಒಲೆಯ ಕಿಡಿ ಎಲ್ಲಿ ಹಾರಿತೋ. ಮಳೆಗಾಲದಲ್ಲಿ ಈ ಚಿಂತೆಗೆ ಕಾರಣವೂ ಇತ್ತು. ನಮ್ಮ ಬೀದಿಯ ಚರಂಡಿ ಎಂದರೆ ಜಗಲಿಗಳ ಬುಡದಲ್ಲಿ ನೀರು ತಾನೇ ಕೊರೆದುಕೊಂಡ ದಾರಿ. ದೊಡ್ಡ ಮಳೆ ಬಂದರೆ ಅದು ದಾರಿ ಮರೆತು ನಮ್ಮ ನಡುಮನೆಗೆ ಬರುತ್ತಿತ್ತು. ಅದರ ಜೊತೆ ಮೇಲಿನ ಮನೆಗಳ ಅಕ್ಕಿ ತೊಳೆದ ನೀರು, ಎಮ್ಮೆ ಮೈ ತೊಳೆದ ನೀರು, ಇನ್ನೂ ಹೇಳಬಾರದ ನೀರು. ನನ್ನ ಹೆಂಡತಿ ಭಾನುವಳ್ಳಿಯವಳು. ಅವರ ಊರಿಗೆ ಚಾನಲ್ಲಿನ ನೀರು ಬಂದ ಮೇಲೆ ಅವಳ ಮಾತಿಗೆ ಧಾರೆ ಹೆಚ್ಚಾಗಿತ್ತು. ‘ಪ್ಯಾಟಿಗೆ ಕೊಟ್ರು ನನ್ನ, ಪ್ಯಾಟಿಗೆ. ನಮ್ಮೂರಾಗೆ ಹೊಲಕ್ಕೆ ನೀರು, ಇಲ್ಲಿ ನಡುಮನಿಗೆ ನೀರು’ ಎನ್ನುತ್ತಾ ಗೋಣಿಚೀಲದಿಂದ ನೆಲ ಒರೆಸುತ್ತಿದ್ದಳು.

ಅಂಥ ಒಂದು ಮಳೆಗಾಲ ಕಳೆದ ಮೇಲೆ ಸುಧಾರಣೆಯವರು ಬಂದರು. ಆ ಕಚೇರಿಯ ಪೂರ್ತಿ ಹೆಸರು ಉದ್ದವಾಗಿತ್ತು, ಬೀದಿ ಅದನ್ನು ಮೊದಲ ದಿನವೇ ಹೀಗೆ ಮೊಟಕು ಮಾಡಿತು. ಮೈಸೂರು ಕಡೆಯ ಒಬ್ಬ ಓವರ್‌ಸಿಯರ್, ಟೇಪು ಹಿಡಿಯಲು ಇಬ್ಬರು ಆಳು. ಓವರ್‌ಸಿಯರ್ ಒಳ್ಳೆಯ ಮನುಷ್ಯ, ಯಾರೊಡನೆಯೂ ‘ತಾವು’ ಬಿಟ್ಟು ಮಾತಾಡುತ್ತಿರಲಿಲ್ಲ. ಅವರು ಹೇಳಿದ್ದು ಇಷ್ಟು: ಎರಡೂ ಸಾಲಿನ ಜಗಲಿಗಳನ್ನು ತೆಗೆಯುವುದು, ಬೀದಿಯನ್ನು ಅಗಲ ಮಾಡುವುದು, ಎರಡೂ ಬದಿಗೆ ಕಲ್ಲಿನ ಚರಂಡಿ ಕಟ್ಟಿ ಮೇಲೆ ಚಪ್ಪಡಿ ಹಾಸುವುದು, ಪಕ್ಕದಲ್ಲೇ ಪೈಪು ಹೂಳುವುದು, ಆಮೇಲೆ ಮನೆಗೊಂದು ನಲ್ಲಿ. ಕೊನೆಯವರೆಗೂ ನಿಂತು ಕೇಳಿದವನು ಬೀದಿಯಲ್ಲಿ ನಾನೊಬ್ಬನೇ. ಹರಿಹರದಲ್ಲಿ ಕಾರ್ಖಾನೆಯ ಕ್ವಾರ್ಟರ್ಸುಗಳನ್ನು ದಿನಾ ನೋಡುತ್ತಿದ್ದೆನಲ್ಲ. ನೇರ ರಸ್ತೆ, ಮುಚ್ಚಿದ ಚರಂಡಿ, ತಿರುವಿದರೆ ನೀರು. ಓವರ್‌ಸಿಯರ್ ಮಾತಾಡುತ್ತಿದ್ದರೆ ನನ್ನ ಮನಸ್ಸಿನಲ್ಲಿ ಆಗಲೇ ನಲ್ಲಿ ಸೋರುವುದಕ್ಕೆ ಶುರುವಾಗಿ, ವಾಷರು ಎಲ್ಲಿ ಸಿಗುತ್ತದೆ ಎಂಬ ಚಿಂತೆ ಹತ್ತಿತ್ತು.

ತೊಡಕು ಇದ್ದದ್ದು ಅವ್ವನ ಹತ್ತಿರ. ನಮ್ಮ ಜಗಲಿ ಅವಳದು. ಬೆಳಗಿನ ಕೆಲಸ ಮುಗಿದ ಮೇಲೆ ಅಲ್ಲಿ ಕೂತರೆ ಊಟಕ್ಕೊಮ್ಮೆ ಏಳುವಳು, ಮತ್ತೆ ದೀಪ ಹಚ್ಚುವ ಹೊತ್ತಿಗೆ. ಜಿನ್ನಿಂಗ್ ಫ್ಯಾಕ್ಟರಿಯಿಂದ ಯಾರೋ ತಂದುಕೊಡುವ ಹತ್ತಿಯನ್ನು ಬಿಡಿಸಿ, ಮೊಣಕಾಲ ಮೇಲೆ ಹೊಸೆದು ಹೂಬತ್ತಿ ಮಾಡುತ್ತಾ ಕೂರುವಳು. ಯಾರ ಮನೆಗೆ ನೆಂಟರು ಬಂದರು, ಯಾರ ಸೊಸೆ ಮುನಿಸಿಕೊಂಡಳು, ಯಾರ ಕೆಮ್ಮು ಜಾಸ್ತಿಯಾಯಿತು, ಎಲ್ಲಕ್ಕೂ ಅಲ್ಲೇ ವಿಚಾರಣೆ. ನಾನು ನಲ್ಲಿಯ ವಿಷಯದಿಂದ ಮಾತು ತೆಗೆದೆ. ಚಪ್ಪಡಿ, ಪೈಪು ಎಲ್ಲ ವಿವರಿಸಿದೆ. ಇನ್ನು ಡಬ್ಬಿ ಹೊರುವುದು ತಪ್ಪುತ್ತದೆಂದು ನನ್ನ ಬೆನ್ನನ್ನೂ ತೋರಿಸಿದೆ. ಅವಳು ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ.

‘ಎಲ್ಲಾರ ಜಗಲಿ ಹೋದ್ರೆ ನಂದೂ ಹೋಗ್ಲಪ್ಪ. ಬೀದಿಗೆ ಬಂದಿದ್ದು ನಮಗೂ ಬರ್ಲಿ. ನನ್ನೊಬ್ಬಾಕಿದೇ ಹೋಗಂಗಿದ್ರೆ ಬ್ಯಾಡ.’

ನಾನು ಎಲ್ಲರದ್ದೂ ಹೋಗುತ್ತದೆ ಎಂದು ಮಾತು ಕೊಟ್ಟೆ. ಓವರ್‌ಸಿಯರ್ ನನಗೆ ಕೊಟ್ಟ ಮಾತನ್ನು ನಾನು ಅವಳಿಗೆ ದಾಟಿಸಿದೆ, ಅಷ್ಟೇ.

ಮರುದಿನ ಗೋಡೆಗಳ ಮೇಲೆ ಗುರುತು ಬಿತ್ತು. ಜಗಲಿ ಎಲ್ಲಿಯವರೆಗೆ ಹೋಗಬೇಕೋ ಅಲ್ಲಿಗೆ ಒಂದು ಗೆರೆ, ಮೇಲೊಂದು ಬಾಣ, ಪಕ್ಕದಲ್ಲಿ ಅಂಕಿ. ಎಣ್ಣೆ ಬಣ್ಣಕ್ಕೆ ಮಂಜೂರಾತಿ ಬಂದಿರಲಿಲ್ಲವಂತೆ, ಓವರ್‌ಸಿಯರ್ ಕಾವಿ ಕಲಸಿ ಬರೆಸಿದರು. ದೀಪಾವಳಿ ಹತ್ತಿರ ಬಂದಿತ್ತು. ದೀಪಾವಳಿಗೆ ಮೊದಲು ನಮ್ಮ ಬೀದಿಯಲ್ಲಿ ಸುಣ್ಣ ಕಾಣದ ಗೋಡೆ ಇರುವುದಿಲ್ಲ ಎಂಬುದು ಆ ಮೈಸೂರಿನವರಿಗೆ ಗೊತ್ತಿರಲಿಲ್ಲ. ಬೀದಿಯವರಿಗೆ ಗೊತ್ತಿತ್ತು. ಆದರೆ ಯಾರೂ ಅವರನ್ನು ಕೇಳಲಿಲ್ಲ, ಅವರೂ ಯಾರನ್ನೂ ಕೇಳಲಿಲ್ಲ. ಸುಣ್ಣದ ಗಡಿಗೆಗಳು ಕುದಿಯತೊಡಗಿದವು, ತೆಂಗಿನ ನಾರಿನ ಕುಂಚಗಳು ಅಟ್ಟದಿಂದ ಇಳಿದವು. ಬೀದಿ ಪ್ರತಿ ವರ್ಷದಂತೆ ಬೆಳ್ಳಗಾಯಿತು. ಗೆರೆ, ಬಾಣ, ಅಂಕಿ ಎಲ್ಲ ಒಳಗೆ ಹೋದವು.

ಎದುರು ಮನೆಯವರು ಕಲಾಯಿ ಸಾಹೇಬರು. ಊರಿನ ತಾಮ್ರ ಹಿತ್ತಾಳೆ ಪಾತ್ರೆಗಳಿಗೆಲ್ಲ ಅವರ ಜಗಲಿಯ ಮೇಲೆಯೇ ಕಲಾಯಿ. ಅಲ್ಲೇ ತಿದಿ, ಅಲ್ಲೇ ಕೆಂಡದ ಗುಂಡಿ, ಅಲ್ಲೇ ನವಸಾಗರದ ಹೊಗೆ. ಅವರ ಹಬ್ಬ ಇನ್ನೂ ದೂರವಿದ್ದರೂ ಬೀದಿಯ ಜೊತೆ ಅವರ ಗೋಡೆಗೂ ಸುಣ್ಣ ಬೀಳುವುದು ರೂಢಿ. ಕಚೇರಿಯ ಗುರುತು ಅಳಿಸಿದರೆ ದಂಡ ಬೀಳಬಹುದಲ್ಲವೇ ಎಂದು ನಾನು ರಸ್ತೆ ದಾಟಿ ಹೋಗಿ ಅವರನ್ನು ಮೆಲ್ಲಗೆ ಕೇಳಿದೆ.

‘ಅಳಿಸಿದ್ದು ಯಾರ್ರಿ ಗುಮಾಸ್ತ್ರೆ?’ ಎಂದರು. ‘ಅವ್ರು ಕಾವಿ ಬಳಿದ್ರು, ನಾವು ಸುಣ್ಣ ಬಳಿದ್ವಿ. ಕಾವಿ ಮ್ಯಾಲೆ ಸುಣ್ಣ ಕೂಡೋದು ಸುಣ್ಣದ ಧರ್ಮ, ನಮ್ದೇನೈತೆ?’

ನನ್ನ ಧೈರ್ಯ ಅಷ್ಟು ದೂರ ಹೋಗಲಿಲ್ಲ. ಮನೆಗೆ ಬಂದು ಹೆಂಡತಿಗೆ, ಎಲ್ಲಿ ಬೇಕಾದರೂ ಬಳಿ, ಆ ಗುರುತನ್ನು ಮಾತ್ರ ಮುಟ್ಟಬೇಡ ಎಂದೆ. ಅವಳು ಕುಂಚ ಹಿಡಿದು ನನ್ನ ಮುಖ ನೋಡಿದಳು. ಆಮೇಲೆ ದೇವರ ಪಟಕ್ಕೆ ಚೌಕಟ್ಟು ಹಾಕುವ ಹಾಗೆ ಗುರುತಿನ ಸುತ್ತ ಅಚ್ಚುಕಟ್ಟಾಗಿ ಸುಣ್ಣ ಬಳಿದು ಮುಗಿಸಿ, ‘ಕುಂಕುಮಾನೂ ಹಚ್ಚಿಬಿಡ್ಲೇನ್ರಿ?’ ಎಂದು ಕೇಳಿದಳು. ಹಬ್ಬದ ಸಂಜೆ ಬೀದಿಯ ಜಗಲಿಗಳ ಮೇಲೆಲ್ಲ ಹಣತೆ ಹಚ್ಚಿದರು. ಅವ್ವನ ಹೊಸ ಬತ್ತಿಗಳು ಚೆನ್ನಾಗಿ ಉರಿದವು. ನಮ್ಮ ಗೋಡೆಯ ಬಾಣ ಆ ಬೆಳಕಿನಲ್ಲಿ ಬೀದಿಯ ತುದಿಗೂ ಕಾಣುತ್ತಿತ್ತು.

ಹಬ್ಬ ಕಳೆದ ಮೇಲೆ ಆ ಓವರ್‌ಸಿಯರಿಗೆ ವರ್ಗವಾಯಿತು. ಅಳತೆಯ ನಕ್ಷೆ ಮೇಲಿನವರ ಒಪ್ಪಿಗೆಗೆ ಎಲ್ಲಿಗೋ ಹೋದದ್ದು ಹಿಂದಿರುಗಲಿಲ್ಲ. ನಾನು ನಿತ್ಯ ರೈಲಿನಲ್ಲಿ ಜಗಲಿಯ ಚಿಂತೆ ಮಾಡುತ್ತಿದ್ದವನು ಒಂದು ದಿನ ಮಾತ್ರ ಮಾಡಲಿಲ್ಲ. ಆ ದಿನ ದವಡೆ ಹಲ್ಲು ನೋಯುತ್ತಿತ್ತು, ಚಿಂತೆಯೆಲ್ಲ ಅದರ ಪಾಲಾಗಿತ್ತು. ಡಬ್ಬಿ ಹಿಡಿದು ಬೀದಿಗೆ ತಿರುಗಿದರೆ ನಮ್ಮ ಮನೆ ಗುರುತೇ ಸಿಗಲಿಲ್ಲ. ಜಗಲಿ ಇರಲಿಲ್ಲ, ಅದರ ಮೇಲಿನ ಮಾಡೂ ಇರಲಿಲ್ಲ, ಎರಡು ಕಂಬಗಳು ಗೋಡೆಗೆ ಒರಗಿ ನಿಂತಿದ್ದವು. ಬೇರೆ ಯಾವ ಮನೆಯ ಒಂದು ಕಲ್ಲೂ ಅಲುಗಿರಲಿಲ್ಲ.

ಅವ್ವ ಬಾಗಿಲ ಒಳಗೆ, ಹೊಸ್ತಿಲ ಆಚೆ, ಬತ್ತಿಯ ಮೊರ ಇಟ್ಟುಕೊಂಡು ಕೂತಿದ್ದಳು. ಹತ್ತಿಯ ತುಂಬ ಧೂಳು.

‘ಉಳಿದೋರದು ನಾಳೆ ಒಡೀತಾರೇನಪ್ಪ?’ ಎಂದಳು.

ನಾನು ಹೂಂ ಎಂದೆ.

ಮಾರನೆಯ ದಿನ ರಜ ಹಾಕಿ ಕಾದೆ. ಹೊಸ ಓವರ್‌ಸಿಯರ್ ಬಂದರು. ಈತ ‘ತಾವು’ ಅನ್ನುವವರಲ್ಲ. ನಕ್ಷೆ ಇಲ್ಲದ ಮೇಲೆ ಗೋಡೆಯ ಗುರುತೇ ಆಧಾರ, ಗುರುತು ಇದ್ದಲ್ಲಿ ಒಡೆದಿದ್ದೇವೆ, ಇಲ್ಲದಲ್ಲಿ ಒಡೆಯುವುದಕ್ಕೆ ನಾವೇನು ದರೋಡೆಕೋರರೇ ಎಂದು ಕೇಳಿದರು. ನ್ಯಾಯವಾದ ಮಾತು. ಅದರಿಂದಲೇ ನನಗೆ ಇನ್ನಷ್ಟು ಉರಿಯಿತು. ಆದರೆ ಒಡೆದ ಮೇಲೆ ಕೆಲಸ ಅರ್ಧಕ್ಕೆ ಬಿಡುವವರು ತಾವಲ್ಲ ಎಂದು ತೋರಿಸಲೋ ಎಂಬಂತೆ ನಮ್ಮ ಮನೆಯ ಅಗಲಕ್ಕೆ ಸರಿಯಾಗಿ ಕಲ್ಲಿನ ಚರಂಡಿ ಕಟ್ಟಿದರು. ಮೇಲೆ ಚಪ್ಪಡಿ ಹಾಸಿದರು. ಪಕ್ಕದಲ್ಲಿ ಒಂದು ತುಂಡು ಪೈಪು ಹೂತರು. ಮಣ್ಣು ಹೋಗದಿರಲೆಂದು ಅದರ ಎರಡೂ ಬಾಯಿಗೆ ಗೋಣಿ ತುರುಕಿದರು. ಕೆಲಸ ನಾಜೂಕಾಗಿತ್ತು, ಅದಕ್ಕೆ ಹೆಸರಿಡುವಂತಿರಲಿಲ್ಲ.

ಮುಂದಿನ ಮಳೆಗಾಲದಲ್ಲಿ ಮೇಲಿನ ಮನೆಗಳ ನೀರು ಹಳೇ ದಾರಿಯಲ್ಲಿ ಬಂತು. ನಮ್ಮ ಚರಂಡಿ ಬೀದಿಗಿಂತ ಸ್ವಲ್ಪ ಎತ್ತರದಲ್ಲಿತ್ತು, ಹಾಗಾಗಿ ನೀರು ಅದರ ಬಾಯಲ್ಲಿ ನಿಂತು ಯೋಚನೆ ಮಾಡಿ, ಪಕ್ಕಕ್ಕೆ ಹೊರಳಿ ನಡುಮನೆಗೆ ಬಂತು. ಮೊದಲು ತಡೆಯುವುದಕ್ಕೆ ಜಗಲಿಯಾದರೂ ಇತ್ತು. ಹೆಂಡತಿ ಈ ಸಲ ಗೋಣಿಚೀಲ ನನ್ನ ಕೈಗೆ ಕೊಟ್ಟು ಒಳಗೆ ಹೋದಳು.

ಉಪಯೋಗ ಆಗಲೇ ಇಲ್ಲ ಎನ್ನುವಂತಿಲ್ಲ. ಹತ್ತಿಯ ಕಾಲ ಬಂದಾಗ ಮಾರುಕಟ್ಟೆಗೆ ಹೋಗುವ ಗಾಡಿಗಳು ನಮ್ಮ ಬೀದಿ ಹಿಡಿಯುತ್ತಿದ್ದವು. ಎದುರುಬದುರು ಸಿಕ್ಕರೆ ಹಿಂದೆ ಸರಿಯಬೇಕಾದವರು ಯಾರು ಎಂಬ ಜಗಳಕ್ಕೆ ಈಗ ಪರಿಹಾರ ಸಿಕ್ಕಿತು. ‘ಗುಮಾಸ್ತರ ಮನಿತನಕ ಬಾ, ಅಲ್ಲಿ ದಾರಿ ಬಿಡ್ತೀನಿ’ ಎಂದು ಗಾಡಿಯವರು ಕೂಗಿ ಹೇಳುವುದು ನಮಗೆ ಒಳಗೆ ಕೇಳುತ್ತಿತ್ತು. ನಮ್ಮ ಬಾಗಿಲಲ್ಲಿ ಸದಾ ಒಂದು ಜೊತೆ ಎತ್ತು ನಿಂತು ಒಳಗೆ ನೋಡುತ್ತಿದ್ದವು. ಊಟಕ್ಕೆ ಕೂತರೆ ಅವುಗಳ ಉಸಿರು ತಟ್ಟೆಗೆ ಬರುತ್ತಿತ್ತು. ಇಡೀ ಊರು ಬೆಳೆಯುತ್ತಿದ್ದದ್ದು ನನ್ನ ಬಾಗಿಲ ಮುಂದಿನ ಅಷ್ಟು ಜಾಗದಲ್ಲಿ ಎಂದು ನನಗೆ ಅನ್ನಿಸಲು ಶುರುವಾಯಿತು.

ಒಂದು ಭಾನುವಾರ ಧೈರ್ಯ ಕೂಡಿಸಿಕೊಂಡು ಕೆ.ಬಿ. ಬಡಾವಣೆಗೆ ಹೋದೆ. ಸುಧಾರಣೆ ಕಚೇರಿಯ ಎಂಜಿನಿಯರರ ಮನೆ ಅಲ್ಲಿತ್ತು. ದಾರಿಯುದ್ದಕ್ಕೂ ಹೇಳಬೇಕಾದದ್ದನ್ನು ಬಾಯಿಪಾಠ ಮಾಡಿದೆ: ಒಂದೋ ಎಲ್ಲರದ್ದೂ ಒಡೆಯಿರಿ, ಇಲ್ಲ ನಮ್ಮದನ್ನು ಕಟ್ಟಿಕೊಡಿ. ಆ ಬಡಾವಣೆಯ ರಸ್ತೆಗಳು ನೇರವಾಗಿ, ಅಗಲವಾಗಿ, ಸ್ವಚ್ಛವಾಗಿದ್ದವು. ಹಾದಿ ಕೇಳೋಣವೆಂದರೆ ಒಬ್ಬರೂ ಹೊರಗೆ ಕೂತಿರಲಿಲ್ಲ, ಕೂರುವುದಕ್ಕೆ ಜಾಗವೇ ಇರಲಿಲ್ಲ. ಎಲ್ಲ ಮನೆಗೂ ಕಾಂಪೌಂಡು, ಕಾಂಪೌಂಡಿಗೆ ಗೇಟು. ಬಹಳ ಹೊತ್ತು ಸುತ್ತಿ ಮನೆ ಹುಡುಕಿದೆ. ಎಂಜಿನಿಯರರು ಕಾಫಿ ಕೊಡಿಸಿದರು. ನನ್ನ ಮಾತು ಪೂರ್ತಿ ಕೇಳಿದರು. ಕೇಳಿ ನಿಜವಾಗಿಯೂ ಅರ್ಥವಾಗದವರಂತೆ ಹೇಳಿದರು:

‘ನಿಮ್ಮ ಮನೆ ಮುಂದೆ ಕೆಲಸ ಪೂರ್ತಿ ಆಗಿದೆಯಲ್ಲ ಸ್ವಾಮಿ. ದೂರು ಕೊಡಬೇಕಾದವರು ಉಳಿದವರು. ತಮ್ಮದೇನು ತಕರಾರು?’

ಕಾಫಿ ಚೆನ್ನಾಗಿತ್ತು ಎಂದು ಹೇಳಿ ಎದ್ದು ಬಂದೆ.

ಅವ್ವ ಅಷ್ಟು ದಿನವೂ ಹೊಸ್ತಿಲ ಒಳಗೇ ಕೂತಳು. ಅಲ್ಲಿಂದ ಎತ್ತಿನ ಕಾಲು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ವಿಚಾರಣೆಗೆ ಬರುವವರು ನಿಂತು ಮಾತಾಡಬೇಕಾಗಿ, ಮಾತು ಬೇಗ ಮುಗಿಯುತ್ತಿತ್ತು. ನಾಳೆ ಒಡೀತಾರೇನಪ್ಪ ಎಂದು ಅವಳು ಮತ್ತೆ ಕೇಳಲಿಲ್ಲ. ಒಂದು ಬೆಳಿಗ್ಗೆ ಮೊರ ಎತ್ತಿಕೊಂಡು ರಸ್ತೆ ದಾಟಿ ಕಲಾಯಿ ಸಾಹೇಬರ ಜಗಲಿಯ ಒಂದು ಮೂಲೆಗೆ ಹೋಗಿ ಕೂತಳಂತೆ. ಸಾಹೇಬರ ಮನೆಯಾಕೆ ಚಾಪೆ ತಂದು ಹಾಸಿದರು. ಸಾಹೇಬರು ತಮ್ಮ ತಿದಿಯ ಮುಖ ತಿರುಗಿಸಿ ಹೊಗೆ ಆಚೆ ಹೋಗುವಂತೆ ಮಾಡಿದರು. ಮರುದಿನದಿಂದ ಬೀದಿಯ ವಿಚಾರಣೆಯೆಲ್ಲ ಅಲ್ಲಿಗೇ ಬದಲಾಯಿತು. ಪಾತ್ರೆ ತಂದವರು ಕಲಾಯಿ ಆಗುವ ತನಕ ಅವಳ ಹತ್ತಿರ ಕೂರುವರು, ಅವಳ ಹತ್ತಿರ ಬಂದವರು ಮರುದಿನ ಪಾತ್ರೆ ತರುವರು.

‘ನಮ್ಮನಿ ಮಕ ಹಿಂಗೈತೆ ಅಂತ ನಂಗೆ ಗೊತ್ತೇ ಇರ್ಲಿಲ್ಲಪ್ಪ’ ಎಂದಳು ಒಂದು ಸಂಜೆ ನಾನು ಡಬ್ಬಿ ಇಳಿಸುವಾಗ. ‘ಮದಿವ್ಯಾಗಿ ಬಂದಾಗಿಂದ ಅದ್ರ ಮ್ಯಾಲೆ ಕೂತಿದ್ದೆ. ಎದುರಿಗೆ ಕೂತು ಈಗ ನೋಡಿದ್ದು.’ ನಾನು ಡಬ್ಬಿ ಎತ್ತಿಕೊಂಡು ಒಳಗೆ ಹೋದೆ.

ಅದರ ಮುಂದಿನ ಬೇಸಿಗೆ. ಉಗಾದಿ ಕಳೆದಿತ್ತು, ಹಿತ್ತಲ ಬಾವಿಯ ತಳ ಕಂಡಿತ್ತು, ಬೀದಿ ತುದಿಯ ನಲ್ಲಿ ಕೆಮ್ಮುವುದನ್ನೂ ಬಿಟ್ಟಿತ್ತು. ಒಂದು ಶನಿವಾರ ಅರ್ಧ ದಿನ ಮುಗಿಸಿ ಬಂದರೆ ಬೀದಿಯ ತುಂಬ ಕಾವಿ. ಎಲ್ಲ ಮನೆಗಳ ಮೇಲೂ ಗೆರೆ, ಬಾಣ, ಅಂಕಿ. ನಮ್ಮದು ಬಿಟ್ಟು. ಸುಧಾರಣೆಯವರು ಬೆಳಿಗ್ಗೆ ಬಂದು ಹೋಗಿದ್ದರು, ಸೋಮವಾರ ಒಡೆಯುವವರು ಬರುತ್ತಾರಂತೆ. ನನಗೆ ಆದ ಸಂತೋಷವನ್ನು ನಾನು ಮುಚ್ಚಿಡಲು ನೋಡಿದೆ, ಆಗಲಿಲ್ಲ. ಇನ್ನು ಮೇಲಿನಿಂದ ಚರಂಡಿ ಬಂದು ನಮ್ಮ ಚರಂಡಿಗೆ ಸೇರುತ್ತದೆ. ಗೋಣಿ ಕಿತ್ತು ಪೈಪಿಗೆ ಪೈಪು ಕೂಡಿಸುತ್ತಾರೆ. ನಲ್ಲಿ ಬರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಅವ್ವನಿಗೆ ಕೊಟ್ಟ ಮಾತು ತಡವಾಗಿಯಾದರೂ ನಿಲ್ಲುತ್ತದೆ. ಡಬ್ಬಿಯನ್ನೂ ಇಳಿಸದೆ ನೇರ ಎದುರು ಮನೆಗೆ ಹೋದೆ.

ಕಲಾಯಿ ಸಾಹೇಬರು ಕೆಂಡ ಆರಿಸಿ, ತಿದಿಯ ಪಕ್ಕ ಸುಮ್ಮನೆ ಕೂತಿದ್ದರು. ಅವರ ಗೆರೆ ಕೆಂಡದ ಗುಂಡಿಯ ಆಚೆಗೆ ಬಿದ್ದಿತ್ತು. ಅಂದರೆ ಗುಂಡಿಯೂ ಹೋಗುತ್ತದೆ, ಅವ್ವನ ಮೂಲೆಯೂ ಹೋಗುತ್ತದೆ. ಅವ್ವ ತನ್ನ ಚಾಪೆಯ ಮೇಲೆ ಇದ್ದಳು, ಮೊರ ಪಕ್ಕಕ್ಕಿತ್ತು. ನಾನು ಹೇಳಿದೆ, ನೋಡವ್ವ, ನೀನು ಕೇಳಿದ ಹಾಗೇ ಆಯಿತು, ಎಲ್ಲರದ್ದೂ ಹೋಗುತ್ತದೆ.

‘ಎಲ್ಲಾರದೂ ಹೋದ್ರೆ ನಂದು ಬರ್ತೈತೇನು?’ ಎಂದಳು.

ನಾನು ಚರಂಡಿ, ಪೈಪು ಎಂದು ಶುರು ಮಾಡಿದೆ. ಅವಳು ಎದ್ದು ರಸ್ತೆ ದಾಟಿ ಹಿತ್ತಲಿಗೆ ಹೋದಳು. ಬರುವಾಗ ಕೈಯಲ್ಲಿ ದೀಪಾವಳಿಗೆ ಮಿಕ್ಕ ಸುಣ್ಣದ ಗಡಿಗೆ, ಹಿಂದೆ ಕುಂಚ ಹಿಡಿದ ನನ್ನ ಹೆಂಡತಿ. ಬೇಸಿಗೆಯ ನಡುವೆ, ಯಾವ ಹಬ್ಬವೂ ಇಲ್ಲದ ದಿನ. ಅವ್ವ ಏನು ಮಾಡಲು ಹೊರಟಳು ಎಂದು ನನಗೆ ಹೊಳೆದಾಗ ಮೊದಲು ಬಂದ ಯೋಚನೆ ದಂಡದ್ದು, ಎರಡನೆಯದು ನಲ್ಲಿಯದು. ಅವ್ವ, ಇದು ಸರ್ಕಾರದ ಕೆಲಸ, ಈ ಸಲ ತಪ್ಪಿದರೆ ಮತ್ತೆ ನಮ್ಮ ಬೀದಿಯ ಕಡೆ ಅವರು ತಿರುಗಿಯೂ ನೋಡುವುದಿಲ್ಲ ಎಂದೆ. ನಾನು ಹೇಳಿದ್ದು ನಿಜವೂ ಆಗಿತ್ತು. ಇವತ್ತಿಗೂ ಅವರು ತಿರುಗಿ ನೋಡಿಲ್ಲ.

ಸಾಹೇಬರು ಎದ್ದು ನಿಂತರು. ‘ಬ್ಯಾಡ್ರಿ ಅವ್ವಾರೆ, ನಮ್ಮ ಗ್ವಾಡಿಗೆ ನೀವ್ಯಾಕೆ...’ ಎಂದರು.

‘ನಾ ಕೂಡೋ ಜಾಗ. ನಾ ಬಳೀತೀನಿ.’

ಕೂಡುವ ಜಾಗ ಎಂಬ ಮಾತಿಗೆ ಸಾಹೇಬರು ಪಕ್ಕಕ್ಕೆ ಸರಿದು ಗೋಡೆ ಬಿಟ್ಟುಕೊಟ್ಟರು. ಅಕ್ಕಪಕ್ಕದ ಜಗಲಿಗಳಲ್ಲಿ ಒಬ್ಬೊಬ್ಬರೇ ಹೊರಗೆ ಬಂದು ನಿಂತರು. ಒಬ್ಬಾಕೆ ಒಳಗೆ ಹೋಗಿ ತಮ್ಮ ಕುಂಚ ತಂದದ್ದನ್ನು ನಾನು ಕಂಡೆ. ಅವ್ವ ಗಡಿಗೆಯಲ್ಲಿ ಕುಂಚ ಅದ್ದಿದಳು. ಸುಣ್ಣ ಒಣಗಿ ಗಟ್ಟಿಯಾಗಿ, ಕುಂಚ ಅದರಲ್ಲಿ ನೆಟ್ಟಗೆ ನಿಂತಿತು. ನನ್ನ ಹೆಂಡತಿ ನಲ್ಲಿಯ ಕಡೆ ನೋಡಿದಳು, ಆಮೇಲೆ ನನ್ನ ಕೈ ನೋಡಿದಳು.

ಡಬ್ಬಿ ಇನ್ನೂ ನನ್ನ ಕೈಯಲ್ಲೇ ಇತ್ತು. ಹರಿಹರದಿಂದ ಮಡಿಲಲ್ಲಿ ಇಟ್ಟುಕೊಂಡು, ರೈಲು ಕುಲುಕಿದಾಗಲೆಲ್ಲ ಮುಚ್ಚಳ ಒತ್ತಿ ಹಿಡಿದು ತಂದ ನೀರು. ಚೆಲ್ಲೀತೆಂಬ ಚಿಂತೆಯಲ್ಲಿ ಬಾತಿ ಗುಡ್ಡ ದಾಟಿದ್ದು ಸಹ ತಿಳಿದಿರಲಿಲ್ಲ. ಅವ್ವ ಗಡಿಗೆಯನ್ನು ನನ್ನ ಕಡೆ ಸರಿಸಿದಳು. ನಾನು ಮುಚ್ಚಳ ತೆಗೆದು ಬಗ್ಗಿಸಿದೆ. ಸುಣ್ಣ ನೀರು ಕುಡಿದು ಮೆತ್ತಗಾಯಿತು.

‘ಎಲ್ಲಾ ಸುರೀಬ್ಯಾಡ’ ಎಂದಳು ಅವ್ವ, ಕುಂಚ ತಿರುವುತ್ತಾ. ‘ಕುಡಿಯಾಕೆ ಒಂದೀಟು ಉಳಿಸು.’